ಅನುಭವವಿಲ್ಲದ ನರ್ಸ್‌ಗೆ ಮೊದಲ ಕೆಲಸ: ಕಲಿಸುವ ಹೊಣೆ ಯಾರದು?

ಕರ್ನಾಟಕದ ಖಾಸಗಿ ಆಸ್ಪತ್ರೆಗಳ ನೇಮಕಾತಿ ಪ್ರಕಟಣೆಗಳಲ್ಲಿ ‘ಕನಿಷ್ಠ ಎರಡು ವರ್ಷಗಳ ಅನುಭವ’ ಎಂಬ ಸಾಲು ಎಷ್ಟು ಸಾಮಾನ್ಯವಾಗಿದೆಯೆಂದರೆ, ಅದನ್ನು ಬರೆಯುವ ಆಡಳಿತದವರಾಗಲಿ ಓದುವ ಹೊಸ ನರ್ಸ್‌ಗಳಾಗಲಿ ಅದನ್ನು ಪ್ರಶ್ನಿಸುವುದನ್ನೇ ಬಿಟ್ಟಿದ್ದಾರೆ. ನಾಲ್ಕು ವರ್ಷ ಬಿಎಸ್ಸಿ ನರ್ಸಿಂಗ್ ಓದಿ, ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಪದವಿ ಪಡೆದು, ರಾಜ್ಯ ಶುಶ್ರೂಷಾ ಪರಿಷತ್ತಿನಲ್ಲಿ ನೋಂದಣಿ ಮಾಡಿಸಿಕೊಂಡವರಿಗೂ ಮೊದಲ ಅನುಭವ ಎಲ್ಲಿ ಸಿಗಬೇಕು ಎಂಬುದಕ್ಕೆ ಆ ಸಾಲಿನಲ್ಲಿ ಉತ್ತರವಿಲ್ಲ. ದಾವಣಗೆರೆಯಲ್ಲಿ ಓದಿ, ಬೆಂಗಳೂರಿನಲ್ಲಿ ಕೆಲವು ವರ್ಷ ದುಡಿದು, ಈಗ ಇಂಗ್ಲೆಂಡಿನ ಒಂದು ಸರ್ಕಾರಿ ಆಸ್ಪತ್ರೆಯಲ್ಲಿರುವ ನನಗೆ ವಾರ್ಡಿಗೆ ಬರುವ ಹೊಸಬರ ಜೊತೆ ನಿಂತು ಕಲಿಸುವ ಕೆಲಸವೂ ಪಾಲಿಗೆ ಬಂದಿದೆ. ಎರಡೂ ಕಡೆ ಕಂಡ ಮೇಲೆ ನನ್ನ ಅನಿಸಿಕೆ ಇಷ್ಟೇ: ಎರಡು ಪದ್ಧತಿಗಳ ನಡುವಿನ ಅಂತರ ಹೊಸ ನರ್ಸ್‌ನ ಯೋಗ್ಯತೆಯದ್ದಲ್ಲ, ಆಕೆಯ ಮೊದಲ ವರ್ಷದ ಕಲಿಕೆಯ ವೆಚ್ಚವನ್ನು ಯಾರು ಹೊರುತ್ತಾರೆ ಎಂಬುದರದ್ದು.

ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನಲ್ಲಿ ನರ್ಸ್‌ನ ಆರಂಭದ ಹುದ್ದೆಯನ್ನು ‘ಬ್ಯಾಂಡ್ 5’ ಎನ್ನುತ್ತಾರೆ. 2004ರಲ್ಲಿ ಜಾರಿಗೆ ಬಂದ ವೇತನ ಪದ್ಧತಿಯಂತೆ, ವಾರ್ಡ್ ಯಾವುದೇ ಆಗಿರಲಿ, ಆಸ್ಪತ್ರೆ ದೊಡ್ಡದಿರಲಿ ಚಿಕ್ಕದಿರಲಿ, ಆರಂಭದ ಮೂಲ ವೇತನ ಒಂದೇ. 2025–26ರಲ್ಲಿ ಅದು ವರ್ಷಕ್ಕೆ 31,049 ಪೌಂಡ್. ಅಭ್ಯರ್ಥಿಗೆ ಅನುಭವವಿಲ್ಲ ಎಂಬ ಕಾರಣಕ್ಕೆ ಆ ಮೊತ್ತವನ್ನು ಯಾರೂ ಕಡಿತ ಮಾಡುವಂತಿಲ್ಲ, ಏಕೆಂದರೆ ಆ ಹುದ್ದೆ ಹೊಸಬರಿಗೂ ಸೇರಿದ್ದೆಂದು ಮೊದಲೇ ಒಪ್ಪಿಕೊಳ್ಳಲಾಗಿದೆ. ಸಂದರ್ಶನದಲ್ಲಿ ಕೇಳುವುದೂ ಅದಕ್ಕೆ ತಕ್ಕಂತೆಯೇ ಇರುತ್ತದೆ. ರೋಗಿಯ ರಕ್ತದೊತ್ತಡ ಇಳಿಯುತ್ತಿದೆ, ಉಸಿರಾಟದ ವೇಗ ಏರುತ್ತಿದೆ, ನೀವು ಏನು ಮಾಡುತ್ತೀರಿ ಎಂದು ಕೇಳಿದಾಗ ಅವರು ನಿರೀಕ್ಷಿಸುವುದು ಸಾಹಸದ ಉತ್ತರವನ್ನಲ್ಲ. ಎಲ್ಲ ಅಳತೆಗಳನ್ನೂ ತೆಗೆದು, ರೋಗಿಯ ಸ್ಥಿತಿ ಎಷ್ಟು ಹದಗೆಡುತ್ತಿದೆ ಎಂದು ತೋರಿಸುವ ‘ನ್ಯೂಸ್ 2’ ಅಂಕ ಲೆಕ್ಕ ಹಾಕಿ, ಆ ಅಂಕ ಹೇಳುವಷ್ಟು ಬೇಗ ಹಿರಿಯರನ್ನು ಕರೆಯುತ್ತೇನೆ ಎಂಬ ಉತ್ತರವನ್ನು. ‘ನಾನೇ ನಿಭಾಯಿಸುತ್ತೇನೆ’ ಎಂದು ಧೈರ್ಯ ತೋರುವ ನಮ್ಮ ಕಡೆಯ ಅಭ್ಯರ್ಥಿಗಳು ಇಲ್ಲಿ ಅಂಕ ಕಳೆದುಕೊಳ್ಳುವುದನ್ನು ನಾನು ಕಂಡಿದ್ದೇನೆ.

ಕೆಲಸ ಸಿಕ್ಕ ಮೇಲೆ ಆರಂಭವಾಗುವುದು ಪ್ರಿಸೆಪ್ಟರ್‌ಶಿಪ್, ಅಂದರೆ ಹಿರಿಯರೊಬ್ಬರ ಜೊತೆ ನಿಂತು ಕಲಿಯುವ ಅವಧಿ. ಇದಕ್ಕೆ 2022ರಲ್ಲಿ ಇಂಗ್ಲೆಂಡಿನಾದ್ಯಂತ ಅನ್ವಯವಾಗುವ ಒಂದು ಚೌಕಟ್ಟನ್ನೂ ಪ್ರಕಟಿಸಿದ್ದಾರೆ. ಹೊಸಬರಿಗೆ ಒಬ್ಬ ಹಿರಿಯ ನರ್ಸ್‌ನ್ನು ಹೆಸರು ಹೇಳಿ ಗೊತ್ತುಮಾಡುತ್ತಾರೆ. ಮೊದಲ ಕೆಲವು ವಾರ ಹೊಸಬರು ವಾರ್ಡಿನಲ್ಲಿದ್ದರೂ ಅವರನ್ನು ಸಿಬ್ಬಂದಿ ಲೆಕ್ಕಕ್ಕೆ ಹಿಡಿಯುವುದಿಲ್ಲ, ಅಂದರೆ ಆ ಪಾಳಿಯ ರೋಗಿಗಳನ್ನು ನೋಡಿಕೊಳ್ಳಲು ಬೇಕಾದಷ್ಟು ನರ್ಸ್‌ಗಳು ಅವರನ್ನು ಬಿಟ್ಟೇ ಇರಬೇಕು. ಡ್ಯೂಟಿ ಪಟ್ಟಿಯಲ್ಲಿ ಹೀಗೆ ಹೆಚ್ಚುವರಿಯಾಗಿ ಬರೆದ ಆ ಒಂದು ಹೆಸರಿಗೇ ಆಸ್ಪತ್ರೆ ದುಡ್ಡು ಕೊಡುತ್ತಿರುವುದು, ಮತ್ತು ಇಡೀ ಪದ್ಧತಿಯ ಜೀವ ಇರುವುದೂ ಅಲ್ಲೇ. ಉಳಿದ ನಮೂನೆಗಳು, ಸಹಿಗಳು, ತಿಂಗಳಿಗೊಮ್ಮೆ ತುಂಬುವ ಆತ್ಮಾವಲೋಕನದ ಹಾಳೆಗಳು ಎಷ್ಟು ಉಪಯುಕ್ತ ಎಂಬ ಬಗ್ಗೆ ನನಗೆ ಗುಮಾನಿ ಇದೆ.

ಈ ಪದ್ಧತಿಯನ್ನು ಹೊಗಳುವವರು ಅದರ ಇನ್ನೊಂದು ಮುಖವನ್ನೂ ಹೇಳಬೇಕು. ಇಂಗ್ಲೆಂಡಿನಲ್ಲಿ ನರ್ಸಿಂಗ್ ವಿದ್ಯಾರ್ಥಿಗಳಿಗೆ ಸರ್ಕಾರ ಕೊಡುತ್ತಿದ್ದ ಶುಲ್ಕ ಮತ್ತು ನೆರವಿನ ಹಣ 2017ರಿಂದ ಸೇರಿದ ಹೊಸ ವಿದ್ಯಾರ್ಥಿಗಳಿಗೆ ನಿಂತಿತು. ಸ್ವಲ್ಪ ಮಟ್ಟಿನ ಜೀವನ ನಿರ್ವಹಣೆಯ ನೆರವು ಮರಳಿ ಬಂದಿದ್ದರೂ ಶುಲ್ಕ ಸಾಲವಾಗಿಯೇ ಉಳಿದಿದೆ. ಸಾಲ ಹೊತ್ತು ಹೊರಬಂದವರಿಗೆ 2025ರಲ್ಲಿ ಹುದ್ದೆಗಳೇ ಸಾಕಾಗಲಿಲ್ಲ. ಆಸ್ಪತ್ರೆಗಳು ವೆಚ್ಚ ತಗ್ಗಿಸಲು ಖಾಲಿ ಹುದ್ದೆಗಳನ್ನು ತುಂಬದೆ ಬಿಟ್ಟ ಕಾರಣ, ನರ್ಸ್‌ಗಳ ಕೊರತೆಯೆಂದು ವರ್ಷಗಟ್ಟಲೆ ಕೂಗಿದ ದೇಶದಲ್ಲೇ ಆಗ ತಾನೇ ಓದು ಮುಗಿಸಿದವರು ಕೆಲಸಕ್ಕೆ ಅಲೆಯುವಂತಾಯಿತು. ಆ ವರ್ಷದ ಆಗಸ್ಟ್‌ನಲ್ಲಿ ಸರ್ಕಾರ ಹೊಸದಾಗಿ ಓದು ಮುಗಿಸಿದವರಿಗೆ ಕೆಲಸ ಸಿಗುವಂತೆ ಮಾಡಲು ‘ಗ್ರ್ಯಾಜುಯೇಟ್ ಗ್ಯಾರಂಟಿ’ ಎಂಬ ಯೋಜನೆ ಘೋಷಿಸಬೇಕಾಗಿ ಬಂದದ್ದೇ ಪರಿಸ್ಥಿತಿ ಎಲ್ಲಿಗೆ ಮುಟ್ಟಿತ್ತು ಎಂಬುದಕ್ಕೆ ಸಾಕ್ಷಿ. ಆದರೆ ಹುದ್ದೆಯೇ ಇಲ್ಲದಿರುವುದು ಬೇರೆ, ಹುದ್ದೆ ಇದ್ದೂ ಹೊಸಬರಿಗೆ ಬಾಗಿಲು ಹಾಕುವುದು ಬೇರೆ.

ನಮ್ಮಲ್ಲಿ ನಡೆಯುವುದು ಎರಡನೆಯದು, ಅದೂ ಪೂರ್ತಿ ನಿಜವಲ್ಲ. ಬಾಗಿಲು ಮುಂದೆ ಹಾಕಿದ್ದರೂ ಹಿಂದಿನಿಂದ ತೆರೆದಿರುತ್ತದೆ: ಹೊಸಬರನ್ನು ‘ಫ್ರೆಶರ್’ ಅಥವಾ ‘ಟ್ರೈನಿ’ ಎಂಬ ಹೆಸರಿನಲ್ಲಿ ತೆಗೆದುಕೊಂಡು, ಅನುಭವಿಗಳಿಗಿಂತ ಬಹಳ ಕಡಿಮೆ ಸಂಬಳ ಕೊಟ್ಟು, ಎರಡನೇ ವಾರದಲ್ಲೇ ನೈಟ್ ಡ್ಯೂಟಿಗೆ ಹಾಕಿ ಪೂರ್ತಿ ವಾರ್ಡ್ ವಹಿಸಿಕೊಡುವ ಆಸ್ಪತ್ರೆಗಳು ಬೆಂಗಳೂರಿನಲ್ಲಿ ಹೇರಳವಾಗಿವೆ. ಸಂಬಳದ ಲೆಕ್ಕದಲ್ಲಿ ಆಕೆ ಕಲಿಯುವವಳು, ಡ್ಯೂಟಿಯ ಲೆಕ್ಕದಲ್ಲಿ ಪೂರ್ಣ ನರ್ಸ್. ಕೆಲವು ಕಡೆ ಮೂಲ ಅಂಕಪಟ್ಟಿಗಳನ್ನು ಇರಿಸಿಕೊಂಡು, ಇಂತಿಷ್ಟು ಕಾಲ ಬಿಡುವಂತಿಲ್ಲ ಎಂದು ಬಾಂಡ್ ಬರೆಸಿಕೊಳ್ಳುವ ರೂಢಿಯನ್ನೂ ನಾನು ನೋಡಿದ್ದೇನೆ. 2011–12ರಲ್ಲಿ ಕೇರಳದ ಖಾಸಗಿ ಆಸ್ಪತ್ರೆಗಳ ನರ್ಸ್‌ಗಳು ಮುಷ್ಕರ ಹೂಡಿದಾಗ ಅವರ ಮುಖ್ಯ ದೂರುಗಳಲ್ಲಿ ಇದೂ ಒಂದಾಗಿತ್ತು. 2016ರಲ್ಲಿ ಸುಪ್ರೀಂ ಕೋರ್ಟಿನ ನಿರ್ದೇಶನದಂತೆ ಕೇಂದ್ರ ಸರ್ಕಾರ ರಚಿಸಿದ ಸಮಿತಿಯು, 200ಕ್ಕೂ ಹೆಚ್ಚು ಹಾಸಿಗೆಗಳಿರುವ ಖಾಸಗಿ ಆಸ್ಪತ್ರೆಗಳು ಸರ್ಕಾರಿ ನರ್ಸ್‌ಗಳಿಗೆ ಸಮನಾದ ಸಂಬಳ ಕೊಡಬೇಕು, 50ಕ್ಕಿಂತ ಕಡಿಮೆ ಹಾಸಿಗೆಗಳಿರುವ ಕಡೆಯಲ್ಲೂ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಕೊಡಬಾರದು ಎಂದು ಶಿಫಾರಸು ಮಾಡಿತು. ಶಿಫಾರಸು ಶಿಫಾರಸಾಗಿಯೇ ಉಳಿದರೆ ಏನಾಗುತ್ತದೆಂದು ಫ್ರೆಶರ್‌ಗಳ ಸಂಬಳದ ಚೀಟಿ ನೋಡಿದವರಿಗೆ ತಿಳಿದಿದೆ.

ಆಸ್ಪತ್ರೆಯವರ ವಾದದಲ್ಲೂ ಹುರುಳಿಲ್ಲದಿಲ್ಲ. ಕೊಲ್ಲಿ ರಾಷ್ಟ್ರಗಳ ಉದ್ಯೋಗಗಳಿಗೆ ಸಾಮಾನ್ಯವಾಗಿ ಎರಡು ವರ್ಷಗಳ ಅನುಭವ ಕೇಳುತ್ತಾರೆ. ಹಾಗಾಗಿ ಬೆಂಗಳೂರು, ಮಂಗಳೂರಿನ ಆಸ್ಪತ್ರೆಗಳಲ್ಲಿ ಎರಡು ವರ್ಷ ಕೈಪಳಗಿಸಿಕೊಂಡ ನರ್ಸ್ ಮೂರನೇ ವರ್ಷಕ್ಕೆ ಮಸ್ಕತ್ತಿನಲ್ಲೋ ಕುವೈತಿನಲ್ಲೋ ಇರುತ್ತಾಳೆ. ನಾವು ಕಲಿಸುವುದು, ಅವರು ಕೊಯ್ಯುವುದು ಎಂದು ನನ್ನ ಹಳೆಯ ನರ್ಸಿಂಗ್ ಸೂಪರಿಂಟೆಂಡೆಂಟ್ ಮೇಡಂ ಬೇಸರದಿಂದ ಹೇಳುತ್ತಿದ್ದರು. ಆದರೆ ಇದೇ ದೂರನ್ನು ತಿರುಗಿಸಿಯೂ ನೋಡಬಹುದು: ಎರಡು ವರ್ಷ ತುಂಬುವುದನ್ನೇ ಕಾಯುವಂತಹ ಸಂಬಳ ಮತ್ತು ಡ್ಯೂಟಿ ಕೊಟ್ಟ ಮೇಲೆ ಆಕೆ ಉಳಿಯುತ್ತಾಳೆಂದು ನಿರೀಕ್ಷಿಸುವುದು ಹೇಗೆ?

ಕೈಕೆಲಸದ ವಿಷಯದಲ್ಲಿ ಮಾತ್ರ ನಮ್ಮವರನ್ನು ಯಾರೂ ಕಡಿಮೆ ಎಣಿಸಬಾರದು. ಜಿಲ್ಲಾ ಆಸ್ಪತ್ರೆಯ ಕ್ಯಾಶುವಾಲ್ಟಿಯಲ್ಲೋ ಹೆರಿಗೆ ವಾರ್ಡಿನಲ್ಲೋ ಪೋಸ್ಟಿಂಗ್ ಮುಗಿಸಿದ ನಮ್ಮ ಹುಡುಗಿ, ನೀರಿನಂಶ ಕಳೆದುಕೊಂಡ ಮಗುವಿನ ಕೈಯಲ್ಲಿ ರಕ್ತನಾಳ ಹುಡುಕಿ ಸೂಜಿ ಹಾಕುವುದನ್ನು ಓದುವಾಗಲೇ ಕಲಿತಿರುತ್ತಾಳೆ. ಇಂಗ್ಲೆಂಡಿನಲ್ಲಿ ಹೊಸ ನರ್ಸ್‌ಗಳಲ್ಲಿ ಹಲವರಿಗೆ ಪ್ರತ್ಯೇಕ ತರಬೇತಿ ಮುಗಿಸಿ ಸಹಿ ಬೀಳುವ ತನಕ ಆ ಕೆಲಸ ಮಾಡಲು ಅನುಮತಿಯೇ ಇರುವುದಿಲ್ಲ. ಭಾರತೀಯ ಶುಶ್ರೂಷಾ ಪರಿಷತ್ತು 2021ರಲ್ಲಿ ತಂದ ಹೊಸ ಬಿಎಸ್ಸಿ ಪಠ್ಯಕ್ರಮದಲ್ಲಿ ಕೊನೆಯ ಸೆಮಿಸ್ಟರ್ ಇಂಟರ್ನ್‌ಶಿಪ್‌ಗೇ ಮೀಸಲಾಗಿದೆ. ಇಷ್ಟೆಲ್ಲ ಇದ್ದೂ ನೇಮಕಾತಿಯ ಮೇಜಿನ ಮುಂದೆ ಕುಳಿತ ತಕ್ಷಣ ಆ ತಿಂಗಳುಗಳೆಲ್ಲ ಸೊನ್ನೆಯಾಗುತ್ತವೆ.

ಅನುಭವದ ಷರತ್ತು ಖಾಸಗಿಯವರದಷ್ಟೇ ಅಲ್ಲ. ಏಮ್ಸ್ ಆಸ್ಪತ್ರೆಗಳ ನರ್ಸಿಂಗ್ ಆಫೀಸರ್ ಹುದ್ದೆಗೆ ನಡೆಯುವ ‘ನಾರ್ಸೆಟ್’ ಪರೀಕ್ಷೆಯನ್ನು ಬಿಎಸ್ಸಿ ಮುಗಿಸಿ ನೋಂದಣಿಯಾದವರು ಅನುಭವವಿಲ್ಲದೆಯೂ ಬರೆಯಬಹುದು. ಜಿಎನ್‌ಎಂ (ಜನರಲ್ ನರ್ಸಿಂಗ್ ಮತ್ತು ಮಿಡ್‌ವೈಫರಿ) ಡಿಪ್ಲೊಮಾದವರು ಕನಿಷ್ಠ 50 ಹಾಸಿಗೆಗಳ ಆಸ್ಪತ್ರೆಯಲ್ಲಿ ಎರಡು ವರ್ಷ ದುಡಿದಿರಬೇಕು. ಹೀಗಾಗಿ ಬಿಎಸ್ಸಿಯವರು ಖಾಸಗಿ ಆಸ್ಪತ್ರೆಗಳ ಬಾಗಿಲು ಬಡಿಯುವಾಗಲೇ ಈ ಪರೀಕ್ಷೆಗೂ ಓದುತ್ತಿರುವುದು ಒಳ್ಳೆಯದು, ಜಿಎನ್‌ಎಂ ಮುಗಿಸಿದವರು ಮೊದಲ ಕೆಲಸ ಆರಿಸುವಾಗ ಹಾಸಿಗೆಗಳ ಸಂಖ್ಯೆಯನ್ನು ಕಡ್ಡಾಯವಾಗಿ ಕೇಳಿಕೊಳ್ಳಬೇಕು. 2022ರ ಕೊನೆಯಲ್ಲಿ ರಾಜ್ಯ ಸರ್ಕಾರ ನಗರಗಳಲ್ಲಿ ಆರಂಭಿಸಿದ ಸಣ್ಣ ಚಿಕಿತ್ಸಾಲಯಗಳಾದ ‘ನಮ್ಮ ಕ್ಲಿನಿಕ್’ಗಳಂತಹ ಗುತ್ತಿಗೆ ಹುದ್ದೆಗಳೂ ಇವೆ. ಅವು ಮನೆ ಹತ್ತಿರದ, ಹಗಲು ಹೊತ್ತಿನ ಕೆಲಸಗಳೆಂದು ಹಲವರು ಇಷ್ಟಪಡುತ್ತಾರೆ. ಆದರೆ ಅಲ್ಲಿ ಒಬ್ಬ ವೈದ್ಯರು, ಒಬ್ಬ ನರ್ಸ್ ಇರುತ್ತಾರೆಯೇ ಹೊರತು ಕಲಿಸಲು ಹಿರಿಯ ನರ್ಸ್ ಇರುವುದಿಲ್ಲ. ಎರಡನೆಯದೋ ಮೂರನೆಯದೋ ಕೆಲಸವಾಗಿ ಅದು ಸೊಗಸು, ಮೊದಲನೆಯದಾಗಿ ನಾನು ಯಾರಿಗೂ ಹೇಳಲಾರೆ.

ಊರಿನಿಂದ ಫೋನ್ ಮಾಡಿ ‘ಅಕ್ಕ, ಯಾವ ಆಸ್ಪತ್ರೆ ಸೇರಲಿ?’ ಎಂದು ಕೇಳುವ ಹುಡುಗಿಯರಿಗೆ ನಾನು ಹೇಳುವುದು, ಕಟ್ಟಡದ ಎತ್ತರ ನೋಡಬೇಡಿ, ಸಂದರ್ಶನದಲ್ಲೇ ವಿನಯದಿಂದ ಎರಡು ಪ್ರಶ್ನೆ ಕೇಳಿ ಎಂದು: ಮೊದಲ ತಿಂಗಳು ನನ್ನ ಜೊತೆ ಯಾರಿರುತ್ತಾರೆ, ನೈಟ್ ಡ್ಯೂಟಿಯಲ್ಲಿ ನಾನೊಬ್ಬಳೇ ಎಷ್ಟು ರೋಗಿಗಳನ್ನು ನೋಡಿಕೊಳ್ಳಬೇಕಾಗುತ್ತದೆ? ಸಂಬಳ ಸ್ವಲ್ಪ ಕಡಿಮೆಯಿದ್ದರೂ ಈ ಎರಡಕ್ಕೆ ನೇರ ಉತ್ತರ ಕೊಡುವ ವಾರ್ಡ್ ಇನ್‌ಚಾರ್ಜ್ ಇರುವ ಕಡೆ ಸೇರುವುದು ಲಾಭವೇ. ಮೂಲ ಪ್ರಮಾಣಪತ್ರ ಕೇಳಿದರೆ ತೋರಿಸಿ, ದೃಢೀಕರಿಸಿದ ನಕಲು ಕೊಟ್ಟು, ಮೂಲವನ್ನು ವಾಪಸ್ ತನ್ನಿ.

ಆಸ್ಪತ್ರೆಗಳಿಗೆ ಹೇಳಬೇಕಾದದ್ದೂ ಒಂದಿದೆ. ಕರ್ನಾಟಕದ ಅನೇಕ ನರ್ಸಿಂಗ್ ಕಾಲೇಜುಗಳಿಗೆ ಸ್ವಂತ ಆಸ್ಪತ್ರೆಯಿದೆ. ತಾವೇ ನಾಲ್ಕು ವರ್ಷ ಕಲಿಸಿ ಪಾಸು ಮಾಡಿದವರಿಗೆ ತಮ್ಮದೇ ಆಸ್ಪತ್ರೆಯಲ್ಲಿ ಅನುಭವವಿಲ್ಲವೆಂದು ಹೇಳುವುದಾದರೆ, ಆ ಕಲಿಸುವಿಕೆಯ ಬಗ್ಗೆ ಅವರೇ ತೀರ್ಪು ಕೊಟ್ಟಂತಾಯಿತು. ಇಂಗ್ಲೆಂಡಿನ ನಮೂನೆಗಳು, ಸಹಿಗಳು ಯಾವುದೂ ಅವರಿಗೆ ಬೇಕಿಲ್ಲ. ಪ್ರತಿ ವರ್ಷ ಒಂದಿಷ್ಟು ಹುದ್ದೆಗಳನ್ನು ಮೊದಲ ವರ್ಷದವರಿಗೆಂದು ತೆಗೆದಿಟ್ಟು, ಸ್ಟಾಫ್ ನರ್ಸ್‌ನ ಪೂರ್ಣ ಸಂಬಳ ಕೊಟ್ಟು, ಆರಂಭದ ನಾಲ್ಕು ವಾರ ಅವರ ಹೆಸರನ್ನು ಡ್ಯೂಟಿ ಪಟ್ಟಿಯಲ್ಲಿ ಹೆಚ್ಚುವರಿಯಾಗಿ ಬರೆದರೆ ಸಾಕು. ಈಗಾಗಲೇ ಬೋಧನಾ ಆಸ್ಪತ್ರೆಗಳ ವಾರ್ಡುಗಳಲ್ಲಿ ವಿದ್ಯಾರ್ಥಿಗಳ ಜೊತೆ ನಿಲ್ಲುವ ಕ್ಲಿನಿಕಲ್ ಇನ್‌ಸ್ಟ್ರಕ್ಟರ್‌ಗಳೇ ಆ ನಾಲ್ಕು ವಾರ ಇವರ ಜೊತೆಗೂ ನಿಲ್ಲಬಹುದು.