ಮೆಟ್ಟಿಲಿಗೆ ಶಾಪ ಹಾಕುವ ಖಳ

ನಮ್ಮ ಕಟ್ಟಡದ ಲಿಫ್ಟ್ ಕೆಟ್ಟು ನಿಂತ ದಿನ ನನಗೆ ನೆನಪಾಗುವುದು ದೇವರಲ್ಲ, ಗ್ಲೋಕ್ಟಾ. ಜೋ ಅಬರ್‌ಕ್ರಾಂಬಿಯ ಫ್ಯಾಂಟಸಿ ಕಾದಂಬರಿಗಳಲ್ಲಿ ಬರುವ ಈ ಮಹಾನುಭಾವನ ನೌಕರಿ ಎಂದರೆ ಸಿಕ್ಕವರಿಗೆ ಚಿತ್ರಹಿಂಸೆ ಕೊಟ್ಟು ತಪ್ಪೊಪ್ಪಿಗೆ ಬರೆಸಿಕೊಳ್ಳುವುದು. ಒಂದು ಕಾಲದ ಕತ್ತಿವರಸೆ ಶೂರ; ಶತ್ರುಗಳ ಸೆರೆಯಲ್ಲಿ ಕಾಲು, ಹಲ್ಲು ಎಲ್ಲ ಹಾಳಾಗಿ ಬಂದವನು. ಅವನಿಗೆ ಕಡುಕೋಪ ಇರುವುದು ಮೆಟ್ಟಿಲುಗಳ ಮೇಲೆ. ಮಂಡಿ ಹಿಡಿದುಕೊಂಡು ಮೂರನೇ ಮಹಡಿ ಮುಟ್ಟುವ ಹೊತ್ತಿಗೆ ನಾನೂ ಅವನದೇ ಪಕ್ಷ. ಮೇಲಿನಿಂದ ಕುಣಿಯುತ್ತಾ ಇಳಿದು ಬಂದ ಪಕ್ಕದ ಮನೆಯವರು "ಏನ್ ಸಾರ್, ವ್ಯಾಯಾಮಾನಾ?" ಎಂದಾಗ ಇವರನ್ನು ಯಾವ ಕುರ್ಚಿಗೆ ಬಿಗಿಯಲಿ ಎಂದು ಲೆಕ್ಕ ಹಾಕುತ್ತಿದ್ದೆ.

ಈ ಕರಾಳ ಕಥೆಗಳ ಕಿತಾಪತಿಯೇ ಇದು. ಪಾಪಿಯ ಪಾಪಕ್ಕಿಂತ ಮೊದಲು ಅವನ ಮಂಡಿನೋವು ತೋರಿಸಿಬಿಡುತ್ತಾರೆ. ಆಮೇಲೆ ಅವನು ಯಾರ ಬೆರಳು ಕತ್ತರಿಸಿದರೂ ನಾವು "ಪಾಪ, ರಾತ್ರಿ ನಿದ್ದೆ ಇಲ್ಲ ಅವನಿಗೆ" ಎನ್ನುತ್ತಿರುತ್ತೇವೆ. ಕನ್ನಡಿಗರಿಗೆ ಇದೇನೂ ಹೊಸ ಚಾಳಿಯಲ್ಲ ಬಿಡಿ. ಛಲಕ್ಕೆ ದುರ್ಯೋಧನನನ್ನು ನೆನೆಯಿರಿ ಎಂದವನು ನಮ್ಮ ಪಂಪನೇ.

ಜಾರ್ಜ್ ಆರ್. ಆರ್. ಮಾರ್ಟಿನ್ 1996ರಲ್ಲಿ ಶುರು ಮಾಡಿದ ಫ್ಯಾಂಟಸಿ ಕಾದಂಬರಿ ಸರಣಿಯಲ್ಲಿ ಜೇಮಿ ಲ್ಯಾನಿಸ್ಟರ್ ಎಂಬಾತ ಏಳು ವರ್ಷದ ಹುಡುಗನನ್ನು ಕಿಟಕಿಯಿಂದ ತಳ್ಳುತ್ತಾನೆ. ಅವತ್ತು ಹಿಡಿಶಾಪ ಹಾಕಿದ್ದೆ. ಮೂರನೇ ಸಂಪುಟದಲ್ಲಿ ಅದೇ ಜೇಮಿಯ ಕೈ ಕಡಿದಾಗ ನಾನು ಬಸ್ಸಿನಲ್ಲಿದ್ದೆ. ಕಣ್ಣು ತುಂಬಿ ಬಂತು. ಪಕ್ಕದ ಸೀಟಿನ ಹಿರಿಯರಿಗೆ ಗಾಬರಿ.

"ಯಾಕಪ್ಪಾ, ಮನೇಲಿ ಏನಾದ್ರೂ ಆಯ್ತಾ?"

"ಬಲಗೈ ಹೋಯ್ತು ಸಾರ್."

"ಅಯ್ಯೋ ಶಿವನೇ! ಯಾರದ್ದು?"

"ಒಬ್ಬ ಕೊಲೆಗಡುಕನದ್ದು. ಈಗೀಗ ಒಳ್ಳೆಯವನಾಗ್ತಿದ್ದ."

ಅವರು ತಮ್ಮ ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡು ಮುಂದಿನ ಸ್ಟಾಪಿನಲ್ಲೇ ಇಳಿದರು.

ಅದೇ ಸಂಪುಟದಲ್ಲಿ ಆ ಕುಖ್ಯಾತ ಮದುವೆಯೂ ಇದೆ. ಉಪ್ಪು ತಿಂದ ಮನೆಗೆ ಎರಡು ಬಗೆಯಬಾರದು ಎಂಬುದು ನಮ್ಮ ಮಾತು. ಅಲ್ಲಿ ಉಪ್ಪು ಬಡಿಸಿದವನೇ ಎರಡು ಬಗೆದ. ಬಾಗಿಲು ಮುಚ್ಚಿತು, ವಾದ್ಯದವರು ರಾಗ ಬದಲಿಸಿದರು, ಅತಿಥಿಗಳ ಕಥೆ ಮುಗಿಯಿತು.

ಇದನ್ನು ಓದಿದ ವಾರವೇ ನೆಂಟರ ಮದುವೆಗೆ ಹೋಗಬಾರದಿತ್ತು. ಎಸಿ ತಂಪು ಹೊರಗೆ ಹೋಗದಿರಲೆಂದು ಯಾರೋ ಹಾಲಿನ ಬಾಗಿಲು ಎಳೆದುಕೊಂಡರು. ವಾದ್ಯ ಗಕ್ಕನೆ ನಿಂತು ಬೇರೆ ಹಾಡು ಶುರುವಾಯಿತು. ನಾನು ಎದ್ದು, ಗೋಡೆಗೆ ಬೆನ್ನು ಕೊಟ್ಟುಕೊಂಡು ಹಿಂಬಾಗಿಲ ಕಡೆ ಸರಿಯತೊಡಗಿದೆ. ಹೆಂಡತಿ ಹಲ್ಲು ಕಚ್ಚಿ "ರೀ, ಊಟದ ಹಾಲ್ ಆ ಕಡೆ" ಎಂದಳು. ಅಷ್ಟರಲ್ಲಿ ಹುಡುಗಿಯ ತಂದೆ ಅಗಲವಾಗಿ ನಗುತ್ತಾ ಬಂದು ಹೆಗಲ ಮೇಲೆ ಕೈ ಹಾಕಿದರು.

"ಎಲ್ಲಿಗೆ ಹೊರಟ್ರಿ? ಊಟ ಮಾಡದೆ ಇಲ್ಲಿಂದ ಒಬ್ಬರನ್ನೂ ಬಿಡೋದಿಲ್ಲ!"