ಕೂರಲು ಒಂದು ಜಾಗ

ಸೋದರತ್ತೆ ಆಗಷ್ಟೇ ಚಪ್ಪಲಿ ಬಿಟ್ಟು ಮಂಡಿ ನೀವಿಕೊಳ್ಳುತ್ತಿದ್ದರು. ಸೀಟಿ ಊದಿದ ಸದ್ದು. ಸಮವಸ್ತ್ರದವನೊಬ್ಬ ಬಂದು ಅಂಗೈ ಮೇಲೆ ಮಾಡಿ ಏಳಿ, ಏಳಿ ಎಂಬಂತೆ ಆಡಿಸಿದ.

“ಏನಂತೋ ಅವನಿಗೆ?”

“ಮೆಟ್ಟಿಲ ಮೇಲೆ ಕೂರಬಾರದಂತೆ, ಅತ್ತೆ.”

“ಮತ್ಯಾಕೆ ಇಷ್ಟಗಲ ಕಟ್ಟಿದಾರೆ?”

ರೋಮ್‌ನ ಸ್ಪ್ಯಾನಿಷ್ ಮೆಟ್ಟಿಲುಗಳು ಇರುವುದು 135. 1720ರ ದಶಕದಲ್ಲಿ ಕಟ್ಟಿದ್ದು. ದುಡ್ಡು ಫ್ರೆಂಚರದು, ನೆಲ ರೋಮಿನದು, ಹೆಸರು ಮಾತ್ರ ಕೆಳಗಡೆ ರಾಯಭಾರಿ ಕಚೇರಿ ಇಟ್ಟುಕೊಂಡಿದ್ದ ಸ್ಪೇನಿನವರದು. 2019ರಿಂದ ಅಲ್ಲಿ ಕೂತರೆ 250 ಯೂರೋ ದಂಡ, ಗಲೀಜು ಮಾಡಿದರೆ 400ರವರೆಗೆ. ಸ್ಮಾರಕ ಉಳಿಯಬೇಕು, ಒಪ್ಪಿದೆ. ಆದರೆ ದಿನವಿಡೀ ಸಾವಿರಾರು ಜನ ಬೂಟುಗಾಲಲ್ಲಿ ತುಳಿದರೆ ಸವೆಯದ ಕಲ್ಲು ಅತ್ತೆ ಕೂತರೆ ಸವೆಯುತ್ತದೆಯೇ?

ಹೋಗಿಬಂದವರೆಲ್ಲ ರೋಮ್ ತಮಗೇನು ಕಲಿಸಿತು ಅಂತ ಬರೆಯುತ್ತಾರೆ. ನಾನೂ ಅದನ್ನೇ ಬರೆಯಲು ಕೂತಿದ್ದು. ಈ ಕೂರುವ ವಿಚಾರ ಮುಗಿಸಿ ಅಲ್ಲಿಗೆ ಬರುತ್ತೇನೆ.

ಕಾಫಿ ಅಂಗಡಿಗೆ ಹೋದರೆ, ಕೌಂಟರಿನಲ್ಲಿ ನಿಂತು ಕುಡಿಯುವುದಕ್ಕೆ ಒಂದು ರೇಟು, ಕುರ್ಚಿ ಎಳೆದುಕೊಂಡರೆ ಅದರ ಎರಡು ಮೂರು ಪಟ್ಟು. ಹೊರಗೆ ಬಂದರೆ ಅಂಗಾಲಿಗೆ ಒತ್ತುವ ಕರಿಕಲ್ಲಿನ ರಸ್ತೆ. ಕುಡಿಯುವ ನೀರು ಮಾತ್ರ ಬೀದಿಬೀದಿಗೂ ಪುಕ್ಕಟೆ ಸುರಿಯುತ್ತದೆ. ಆದರೆ ಅದನ್ನೂ ನಿಂತೇ ಕುಡಿಯಬೇಕು!

ದಾರಿ ಕಂಡುಕೊಂಡವರು ಅತ್ತೆಯೇ. “ಚರ್ಚಲ್ಲಿ ಬೆಂಚಿರತ್ತೆ ಕಣೋ. ಅಲ್ಲಿ ಯಾರು ಏಳು ಅಂತಾರೆ?”

ಪಿಯಾಝಾ ನವೋನಾ ಹತ್ತಿರದ ಸಾನ್ ಲುಯಿಜಿ ಚರ್ಚಿಗೆ ಹೊಕ್ಕೆವು. ಎಡಗಡೆಯ ಕೊನೆಯ ಗೂಡಿನಲ್ಲಿ ಸಂತ ಮ್ಯಾಥ್ಯೂನ ಕುರಿತು ಕಾರವಾಜಿಯೋ ಬರೆದ ಮೂರು ಚಿತ್ರಗಳಿವೆ. ಪ್ರವೇಶಕ್ಕೆ ದುಡ್ಡಿಲ್ಲ, ಬೆಳಕಿಗಿದೆ. ಪಕ್ಕದ ಪೆಟ್ಟಿಗೆಗೆ ನಾಣ್ಯ ಹಾಕಿದರೆ ದೀಪ ಹತ್ತುತ್ತದೆ, ಸ್ವಲ್ಪ ಹೊತ್ತಿಗೆ ಟಕ್ ಎಂದು ಆರುತ್ತದೆ. ಆರಿದೊಡನೆ ಶುರುವಾಗುವುದೇ ನಿಜವಾದ ನಾಟಕ. ಇಪ್ಪತ್ತು ಮೂವತ್ತು ಜನ ಕತ್ತಲಲ್ಲಿ ನಿಂತಿರುತ್ತಾರೆ, ಎಲ್ಲರ ಜೇಬಲ್ಲೂ ಚಿಲ್ಲರೆ ಇರುತ್ತದೆ, ಯಾರ ಕೈಯೂ ಜೇಬಿಗೆ ಹೋಗುವುದಿಲ್ಲ. ಒಬ್ಬ ಕ್ಯಾಮೆರಾದ ಲೆನ್ಸ್ ಒರೆಸುತ್ತಾನೆ. ಇನ್ನೊಬ್ಬಳು ಕತ್ತಲಲ್ಲೇ ಗೈಡ್ ಪುಸ್ತಕ ತಿರುವುತ್ತಾಳೆ. ಗಂಡ ಹೆಂಡತಿಯ ಮುಖ ನೋಡುತ್ತಾನೆ, ಹೆಂಡತಿ ಚಾವಣಿ ನೋಡುತ್ತಾಳೆ. ಕೊನೆಗೆ ಯಾರೋ ಪಾಪದ ವಿದ್ಯಾರ್ಥಿ ನಾಣ್ಯ ಹಾಕುತ್ತಾನೆ. ಅಷ್ಟೂ ಜನ ಅವನನ್ನೇ ಪಕ್ಕಕ್ಕೆ ತಳ್ಳಿ ಮುಂದೆ ನುಗ್ಗುತ್ತಾರೆ. ನನಗಂತೂ ಮೈ ಉರಿದುಹೋಯಿತು. ಒಂದು ಚಿತ್ರದಲ್ಲಿ, ಇನ್ನೂ ಸಂತನಾಗದೆ ಸುಂಕ ವಸೂಲಿ ಮಾಡುತ್ತಿದ್ದ ಮ್ಯಾಥ್ಯೂ ಮೇಜಿನ ಮೇಲೆ ದುಡ್ಡು ಹರಡಿಕೊಂಡು ಕೂತಿದ್ದಾನೆ. ಎದುರಿಗೆ ನಿಂತ ನಾವು ಒಂದು ಯೂರೋಗೆ ಲೆಕ್ಕ ಹಾಕುತ್ತಿದ್ದೇವೆ.

ಅತ್ತೆಗೆ ಇದ್ಯಾವುದರ ಗೊಡವೆಯಿಲ್ಲ. ಹಿಂದಿನ ಬೆಂಚಿನಲ್ಲಿ ಕಾಲು ಚಾಚಿ ಕೂತಿದ್ದರು. “ದೀಪ ಆರಿದಾಗಲೇ ಹಿತವಾಗಿದೆ” ಅಂದರು.

ಮಧ್ಯಾಹ್ನ ಊಟದ ಹೊತ್ತಿಗೆ ಸರಿಯಾಗಿ ಚರ್ಚಿನವರು ಬಾಗಿಲು ಹಾಕಿಕೊಂಡರು. ಕಾಲುನೋವು ಏರುವ ವೇಳೆಗೇ ಹೀಗೆ ಮಾಡಬೇಕೇ? ರೋಮನ್ನರ ಕಾಲದ ಗುಡಿ, ಈಗ ಚರ್ಚಾಗಿರುವ ಪ್ಯಾಂಥಿಯನ್‌ನಲ್ಲೂ ಬೆಂಚಿವೆ, ಆದರೆ 2023ರಿಂದ ಅಲ್ಲಿ ಟಿಕೆಟ್.

ಸಂಜೆ ಕೊಲೋಸಿಯಂ. ಒಂದು ಕಾಲಕ್ಕೆ ಇಲ್ಲಿ ಸುಮಾರು 50 ಸಾವಿರ ಜನ ಕೂರುತ್ತಿದ್ದರಂತೆ ಎಂದೆ. ಅತ್ತೆ ಕಂಬಿ ಹಿಡಿದು ಸುತ್ತ ಒಮ್ಮೆ ಕಣ್ಣಾಡಿಸಿದರು.

“ಎಲ್ಲಿ? ಒಂದಾದರೂ ಉಳಿದಿದೆಯಾ?”

“ಇಲ್ಲಿನ ಕಲ್ಲು ಕಿತ್ತು ಅರಮನೆ, ಚರ್ಚು ಕಟ್ಟಿಕೊಂಡರು. ಸೇಂಟ್ ಪೀಟರ್ಸ್ ಚರ್ಚಿಗೂ ಹೋಗಿದೆ.”

“ಹಾಗಾದ್ರೆ ನಾಳೆ ಅಲ್ಲಿಗೇ ಹೋಗೋಣ. ಬಸ್ಸಿದೆಯಾ ನೋಡು. ಸೀಟು ಸಿಗೋ ಬಸ್ಸು.”