ಗಗನಯಾತ್ರಿಗೆ ಬೇಕಾದ ವಿದ್ಯೆ ಪದವಿಯೊಂದೇ ಅಲ್ಲ

ಗಗನಯಾತ್ರಿಯಾಗುವ ಆಸೆ ಹೇಳಿಕೊಂಡ ಮಕ್ಕಳಿಗೆ ಹಿರಿಯರಾದ ನಾವು ಸಾಮಾನ್ಯವಾಗಿ ಕೊಡುವುದು ಒಂದೇ ಸಲಹೆ: ಗಣಿತ, ವಿಜ್ಞಾನ ಚೆನ್ನಾಗಿ ಓದು. ಸಲಹೆ ಸರಿಯಾದದ್ದೇ. ನಾಸಾಕ್ಕೆ ಅರ್ಜಿ ಹಾಕಬೇಕಾದರೂ ವಿಜ್ಞಾನ, ಎಂಜಿನಿಯರಿಂಗ್ ಅಥವಾ ಗಣಿತದಲ್ಲಿ ಸ್ನಾತಕೋತ್ತರ ಪದವಿಯೋ ಅದಕ್ಕೆ ಸಮನಾದ ಅರ್ಹತೆಯೋ ಇರಬೇಕು. ಜೊತೆಗೆ ಕೆಲವು ವರ್ಷಗಳ ವೃತ್ತಿಯ ಅನುಭವ, ಪೈಲಟ್‌ಗಳಾದರೆ 1,000 ಗಂಟೆಗಳ ಹಾರಾಟದ ಅನುಭವ ಬೇಕು. ಆದರೆ 2020ರಲ್ಲಿ ಹಾಗೆ ಅರ್ಜಿ ಹಾಕಿದ 12,000ಕ್ಕೂ ಹೆಚ್ಚು ಮಂದಿಯಲ್ಲಿ ಆಯ್ಕೆಯಾದವರು 10 ಮಂದಿ ಮಾತ್ರ. ಉಳಿದವರೆಲ್ಲ ಓದಿನಲ್ಲಿ ಹಿಂದಿದ್ದರು ಎಂದು ನನಗನ್ನಿಸುವುದಿಲ್ಲ. ಪದವಿಯಾಚೆಗೆ ಬೇಕಾಗುವ ವಿದ್ಯೆಗಳ ಬಗ್ಗೆ ನಾವು ಮಾತಾಡುವುದೇ ಕಡಿಮೆ, ಅದೇ ನನ್ನ ಆಕ್ಷೇಪ.

2013ರ ಜುಲೈ 16ರಂದು ಇಟಲಿಯ ಗಗನಯಾತ್ರಿ ಲೂಕಾ ಪರ್ಮಿಟಾನೊ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಹೊರಗೆ ಬಾಹ್ಯಾಕಾಶ ನಡಿಗೆಯಲ್ಲಿದ್ದಾಗ ಅವರ ಹೆಲ್ಮೆಟ್ಟಿನೊಳಗೆ ನೀರು ಸೇರತೊಡಗಿತು. ಅದು ಉಡುಪಿನ ತಂಪುಕಾರಕ ವ್ಯವಸ್ಥೆಯಿಂದ ಸೋರಿದ ನೀರು. ತೂಕವೇ ಇಲ್ಲದ ಆ ಸ್ಥಿತಿಯಲ್ಲಿ ನೀರು ಕೆಳಗಿಳಿಯುವುದಿಲ್ಲ, ಚರ್ಮಕ್ಕೆ ಅಂಟಿಕೊಂಡೇ ಹರಡುತ್ತದೆ. ತಲೆಯ ಹಿಂಬದಿಯಿಂದ ಕಿವಿಗೆ, ಕಣ್ಣಿಗೆ, ಕೊನೆಗೆ ಮೂಗಿಗೆ ಬಂತು. ಹೆಲ್ಮೆಟ್ಟಿನೊಳಗೆ ಕೈ ಹಾಕಿ ಒರೆಸಿಕೊಳ್ಳುವ ಮಾತೇ ಇಲ್ಲ. ಅಷ್ಟರಲ್ಲಿ ಸೂರ್ಯಾಸ್ತವೂ ಆಗಿ ಕಣ್ಣೆದುರು ಏನೂ ಕಾಣದಂತಾದಾಗ, ಸುರಕ್ಷತಾ ಹಗ್ಗ ತಮ್ಮನ್ನು ಮೆಲ್ಲಗೆ ಎಳೆಯುತ್ತಿದ್ದ ದಿಕ್ಕನ್ನೇ ನಂಬಿ, ತಡವರಿಸುತ್ತ ನಿಲ್ದಾಣದ ಬಾಗಿಲು ಸೇರಿದರು. ಆ ಗಳಿಗೆಯಲ್ಲಿ ಅವರನ್ನು ಉಳಿಸಿದ್ದು ಗಾಬರಿಯನ್ನು ಹತೋಟಿಯಲ್ಲಿಟ್ಟುಕೊಳ್ಳುವ ಅಭ್ಯಾಸ ಮತ್ತು ಕಣ್ಣಿಲ್ಲದೆಯೂ ದಾರಿ ಹುಡುಕುವಷ್ಟು ಮೈಗೂಡಿದ್ದ ತಾಲೀಮು.

ಆ ತಾಲೀಮು ನಡೆಯುವುದು, ತೂಕವಿಲ್ಲದ ಸ್ಥಿತಿಯನ್ನು ಹೋಲುವಂತೆ, ನೀರಿನಲ್ಲೇ. ಅಮೆರಿಕದ ಹ್ಯೂಸ್ಟನ್ನಿನಲ್ಲಿ ಸುಮಾರು 12 ಮೀಟರ್ ಆಳದ ಕೊಳವೊಂದಿದ್ದು, ಅದರೊಳಗೆ ನಿಲ್ದಾಣದ ಭಾಗಗಳ ಪ್ರತಿಕೃತಿಗಳನ್ನು ಮುಳುಗಿಸಿಟ್ಟಿದ್ದಾರೆ. ಗಾಳಿಯೊತ್ತಡದಿಂದ ಬಿಗಿದ ಕೈಗವಸಿನಲ್ಲಿ ಪ್ರತಿ ಸಲ ಬೆರಳು ಮಡಚುವುದೂ ಶ್ರಮವೇ. ಅಂಥ ಕೈಯಲ್ಲಿ ಗಂಟೆಗಟ್ಟಲೆ ಬೋಲ್ಟ್ ಬಿಗಿಯುವುದನ್ನು, ಕೊಂಡಿ ಹಾಕುವುದನ್ನು ಕಲಿಯಬೇಕು. ಕೈಕೆಲಸವನ್ನು ಓದಿಗಿಂತ ಕೀಳೆಂದು ಕಾಣುವವರಿಗೆ ಈ ವೃತ್ತಿ ಒಗ್ಗುವುದಿಲ್ಲವೆಂದು ನಾನು ಧೈರ್ಯವಾಗಿ ಹೇಳುತ್ತೇನೆ. ನಿಲ್ದಾಣದಲ್ಲಿ ಕೆಟ್ಟ ಶೌಚಾಲಯವನ್ನು ರಿಪೇರಿ ಮಾಡುವವರೂ, ಪ್ರಯೋಗಕ್ಕಾಗಿ ರಕ್ತದ ಮಾದರಿ ತೆಗೆಯುವವರೂ ಅದೇ ವಿಜ್ಞಾನಿಗಳು, ಅದೇ ಪೈಲಟ್‌ಗಳು.

ಭಾಷೆಯೂ ಬೇಕು. ರಷ್ಯಾದ ಸೋಯುಜ್ ನೌಕೆಯ ನಿಯಂತ್ರಣ ಫಲಕಗಳೂ ಅದರ ಸಿಬ್ಬಂದಿಯ ಸಂಭಾಷಣೆಯೂ ರಷ್ಯನ್‌ನಲ್ಲಿರುವುದರಿಂದ, ಅಂತರರಾಷ್ಟ್ರೀಯ ನಿಲ್ದಾಣಕ್ಕೆ ಹೋಗುವವರಿಗೆ ಇಂಗ್ಲಿಷಿನ ಜೊತೆಗೆ ರಷ್ಯನ್ ಕಲಿಸಲಾಗುತ್ತದೆ.

ಇವೆಲ್ಲಕ್ಕಿಂತ ಕಷ್ಟದ್ದು, ನನ್ನ ಮಟ್ಟಿಗೆ, ಜೊತೆಗಿರುವ ವಿದ್ಯೆ. ಆರು ತಿಂಗಳು ಅದೇ ಕೆಲವು ಮುಖಗಳ ನಡುವೆ ಇರಬೇಕು. ಮುನಿಸಿಕೊಂಡು ಹೊರಗೆ ಹೋಗಿಬರಲು ಜಾಗವಿಲ್ಲ. ಹೀಗಾಗಿ ಯುರೋಪಿನ ಬಾಹ್ಯಾಕಾಶ ಸಂಸ್ಥೆ ಗಗನಯಾತ್ರಿಗಳನ್ನು ಒಟ್ಟಾಗಿ ಗುಹೆಗಳೊಳಗೆ ಕಳಿಸುತ್ತದೆ, ನಾಸಾ ಕಡಲ ತಳದ ಪ್ರಯೋಗಾಲಯದಲ್ಲಿ ಇರಿಸಿ ನೋಡಿದೆ. ಅಲ್ಲಿ ಬೆಳೆಸುವ ಗುಣಗಳೆಂದರೆ ತಪ್ಪಾದಾಗ ತಡಮಾಡದೆ ಹೇಳುವುದು, ದಣಿದವನ ಕೆಲಸವನ್ನು ಕೇಳದೆಯೇ ಹಂಚಿಕೊಳ್ಳುವುದು, ಇನ್ನೊಬ್ಬರ ನಾಯಕತ್ವದಲ್ಲಿಯೂ ಮನಸ್ಸಿಟ್ಟು ದುಡಿಯುವುದು. ಇವು ಯಾವ ಅಂಕಪಟ್ಟಿಯಲ್ಲಿಯೂ ಕಾಣುವುದಿಲ್ಲ. ಆದ್ದರಿಂದ ಮಗುವಿನ ಗಣಿತದ ಅಂಕ ಕೇಳುವ ನಾವು, ಅದು ಈಜು ಕಲಿತಿದೆಯೇ, ಕೆಟ್ಟ ಯಂತ್ರವನ್ನು ಬಿಚ್ಚಿ ಜೋಡಿಸಬಲ್ಲುದೇ, ತಂಡದಲ್ಲಿ ಸೋತ ದಿನ ಹೇಗಿರುತ್ತದೆ ಎಂಬುದನ್ನೂ ಅಷ್ಟೇ ಆಸಕ್ತಿಯಿಂದ ವಿಚಾರಿಸಬೇಕು.